ಹಿಮದಲ್ಲಿ ಬಿತ್ತಿದ ಬೀಜ: ಹಾಲಿನ ಡಬ್ಬಿಯೊಳಗೆ ಚಳಿಗಾಲ ಮಾಡುವ ಕೆಲಸ

ಜನವರಿಯ ಕೊನೆಯ ವಾರ. ಮಿಷಿಗನ್‌ನ ನಮ್ಮ ಮನೆಯ ಹಿತ್ತಲಿನಲ್ಲಿ ಮೊಣಕಾಲಿನವರೆಗೆ ಹಿಮ ಬಿದ್ದಿತ್ತು. ವಿಡಿಯೊ ಕರೆಯಲ್ಲಿ ಅದನ್ನು ತೋರಿಸುತ್ತಿದ್ದಾಗ ಶಿರಸಿಯಲ್ಲಿರುವ ಆಯಿಯ ಕಣ್ಣು ಬೇಲಿಯ ಪಕ್ಕದ ಸಾಲಿನ ಮೇಲೆ ಬಿತ್ತು. ಕತ್ತಿನವರೆಗೂ ಹಿಮದಲ್ಲಿ ಹುದುಗಿದ ಇಪ್ಪತ್ತೆರಡು ಹಾಲಿನ ಡಬ್ಬಿಗಳು.

"ಅದೇನು ಕೂಸೇ, ಖಾಲಿ ಡಬ್ಬಿಗಳನ್ನೆಲ್ಲ ಹೊರಗೆ ಇಟ್ಟಿದ್ದೀಯಲ್ಲ?"

"ಖಾಲಿಯಲ್ಲ ಆಯಿ, ಬೀಜ ಹಾಕಿಟ್ಟಿದ್ದೇನೆ."

"ಅಷ್ಟು ಚಳಿಗೆ ಬೀಜ ಸತ್ತುಹೋಗುವುದಿಲ್ಲವೇ?"

ಅಡಿಕೆ ಸಸಿಯ ಮಡಿ ಮಾಡಿ, ನೆರಳು ಕಟ್ಟಿ, ನೀರು ಹೊಯ್ದು ಐವತ್ತು ವರ್ಷ ಕಳೆದವರ ಪ್ರಶ್ನೆ ಅದು. ಅವರಿಗೆ ಕರೆಯಲ್ಲಿ ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಚಳಿಗಾಲದ ಬಿತ್ತನೆಯ ಬಗ್ಗೆ ಕೇಳುವ ಕನ್ನಡದ ಗೆಳೆಯರೂ ಇದೇ ಪ್ರಶ್ನೆಯಿಂದ ಶುರುಮಾಡುತ್ತಾರೆ. ಅದಕ್ಕಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮಲೆನಾಡಿನ ಬೀಜ ಕಾಯುವುದು ಮಳೆಗೆ. ಇಲ್ಲಿನ ಕಾಡುಗಿಡಗಳ ಬೀಜ ನೆಲಕ್ಕೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಆಗ ಮಣ್ಣಿನಲ್ಲಿ ಇನ್ನೂ ಬೆಚ್ಚಗಿನ ಹದ ಇರುತ್ತದೆ, ತೇವವೂ ಇರುತ್ತದೆ. ಮೊಳೆಯಲು ಬೇಕಾದದ್ದೆಲ್ಲ ಕೈಗೆಟಕುವಷ್ಟು ಹತ್ತಿರ. ಆದರೆ ಆ ಹದವನ್ನು ನಂಬಿ ಮೊಳೆತ ಸಸಿ ಒಂದೇ ತಿಂಗಳಲ್ಲಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಹಾಗೆ ಅವಸರಪಟ್ಟ ಗಿಡಗಳ ವಂಶ ಇಲ್ಲಿ ಉಳಿಯಲಿಲ್ಲ. ಉಳಿದದ್ದು ತನಗೆ ತಾನೇ ಬೀಗ ಹಾಕಿಕೊಂಡ ಬೀಜಗಳ ವಂಶ. ಈ ಬೀಗಕ್ಕೆ ಸಸ್ಯಶಾಸ್ತ್ರದಲ್ಲಿ ಸುಪ್ತಾವಸ್ಥೆ ಎನ್ನುತ್ತಾರೆ. ಅದರ ಕೀಲಿಕೈ ಬಿಸಿಲಲ್ಲ, ಚಳಿ.

ಈ ಬೀಗ ಕೆಲಸ ಮಾಡುವುದು ಎರಡು ಹಾರ್ಮೋನುಗಳ ಎಳೆದಾಟದಿಂದ. ಅಬ್ಸಿಸಿಕ್ ಆಮ್ಲ ಎಂಬುದು ಭ್ರೂಣಕ್ಕೆ "ಈಗ ಬೇಡ" ಎನ್ನುತ್ತದೆ. ಜಿಬ್ಬರೆಲಿನ್ "ಏಳು, ಹೊರಡು" ಎನ್ನುತ್ತದೆ. ಭತ್ತ ಬೆಳೆಯುವ ನಾಡಿನ ನಮಗೆ ಈ ಜಿಬ್ಬರೆಲಿನ್ ತೀರಾ ಹೊರಗಿನದೇನಲ್ಲ. ಒಂದು ಶಿಲೀಂಧ್ರ ತಗುಲಿದ ಭತ್ತದ ಸಸಿಗಳು ಮಿತಿಮೀರಿ ಉದ್ದ ಬೆಳೆದು ಬಾಗಿ ಬೀಳುವುದೇಕೆಂದು ಹುಡುಕಿದ ಜಪಾನಿನ ವಿಜ್ಞಾನಿ ಐಇಚಿ ಕುರೊಸಾವಾ, ಆ ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣವೆಂದು 1926ರಲ್ಲಿ ತೋರಿಸಿದರು. ಮುಂದೆ ಅದಕ್ಕೆ ಜಿಬ್ಬರೆಲಿನ್ ಎಂಬ ಹೆಸರು ಬಂತು, ಗಿಡಗಳು ತಾವೇ ಅದನ್ನು ತಯಾರಿಸಿಕೊಳ್ಳುತ್ತವೆ ಎಂಬುದೂ ತಿಳಿಯಿತು. ನೆಲಕ್ಕೆ ಬಿದ್ದ ಹೊಸ ಬೀಜದಲ್ಲಿ ತಡೆಯುವ ಆಮ್ಲದ ಕೈ ಮೇಲಾಗಿರುತ್ತದೆ. ಒದ್ದೆಯಾಗಿ, ತಣ್ಣಗೆ, ವಾರಗಟ್ಟಲೆ ಇದ್ದ ಬೀಜದಲ್ಲಿ ಅದರ ಹಿಡಿತ ಸಡಿಲಗೊಂಡು ಜಿಬ್ಬರೆಲಿನ್‌ನ ಮಾತು ನಡೆಯತೊಡಗುತ್ತದೆ.

ಇಲ್ಲಿ ಬಹಳ ಮಂದಿ ಒಂದು ಕಡೆ ಎಡವುತ್ತಾರೆ. ಮೈನಸ್ ಹದಿನೈದು ಡಿಗ್ರಿಯ ಕೊರೆತ ಈ ಬೀಗ ತೆಗೆಯುವುದಿಲ್ಲ. ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿದಾಗ ಬೀಜದೊಳಗಿನ ಕೆಲಸವೂ ನಿಂತುಹೋಗುತ್ತದೆ. ಬೀಗ ಸಡಿಲವಾಗುವುದು ಸೊನ್ನೆಗಿಂತ ಸ್ವಲ್ಪ ಮೇಲೆ, ನಾಲ್ಕೈದು ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಅಡುಗೆಮನೆಯ ಫ್ರಿಜ್‌ನ ಒಳಗಿರುವಷ್ಟು ತಂಪಿನಲ್ಲಿ. ಜೊತೆಗೆ ತೇವ ಇರಲೇಬೇಕು. ಒಣ ಬೀಜವನ್ನು ಪೊಟ್ಟಣದಲ್ಲೇ ಫ್ರಿಜ್‌ನಲ್ಲಿಟ್ಟರೆ ಅದರ ಆಯುಷ್ಯ ಹೆಚ್ಚುತ್ತದೆಯೇ ಹೊರತು ಬೀಗ ತೆರೆಯುವುದಿಲ್ಲ. ಜನವರಿಯಲ್ಲೇ ಬಿತ್ತಿಡುವುದಕ್ಕೆ ಕಾರಣ ಇದೇ. ಕಡು ಚಳಿಯ ದಿನಗಳು ಲೆಕ್ಕಕ್ಕೆ ಸೇರದಿದ್ದರೂ ನಡುನಡುವೆ ಹಿಮ ಕರಗುವ ಮಧ್ಯಾಹ್ನಗಳು, ಫೆಬ್ರವರಿ ಕೊನೆಯ ಮೆತ್ತನೆಯ ದಿನಗಳು, ಮಾರ್ಚ್‌ನ ಉದ್ದದ ಕರಗುವಿಕೆ ಎಲ್ಲ ಒಂದೊಂದಾಗಿ ಕೂಡಿಕೊಂಡು ಬೇಕಾದ ಅವಧಿ ತುಂಬುತ್ತದೆ.

ಹಾಗಾದರೆ ಬೀಜ ಸಾಯುವುದೇಕೆ ಇಲ್ಲ? ಒಣಗಿದ ಬೀಜದಲ್ಲಿ ನೀರಿನ ಅಂಶ ತೀರಾ ಕಡಿಮೆ. ಕೊರೆಯುವ ಚಳಿಯಲ್ಲಿ ಜೀವಕೋಶವನ್ನು ಸೀಳುವುದು ಒಳಗೆ ಕಟ್ಟುವ ಮಂಜಿನ ಹರಳು. ಹರಳು ಕಟ್ಟಲು ನೀರೇ ಇಲ್ಲದಿದ್ದರೆ ಸೀಳುವುದೇನು? ತೇವ ಹೀರಿದ ಮೇಲೂ ಈ ಸೀಮೆಯ ಬೀಜಗಳು ತಾಳುತ್ತವೆ. ಸಾವಿರಾರು ವರ್ಷ ಅವು ನೆಲದಲ್ಲಿ ಮಾಡಿಕೊಂಡು ಬಂದದ್ದೂ ಅದನ್ನೇ. ಬದನೆ, ಬೆಂಡೆ, ಮೆಣಸಿನಕಾಯಿಯಂತಹ ಬಿಸಿನಾಡಿನ ಬೀಜಕ್ಕೆ ಈ ಮಾತು ಹೊಂದುವುದಿಲ್ಲ. ತಣ್ಣನೆಯ ಕೆಸರಿನಲ್ಲಿ ಅವು ಮೊಳೆಯುವ ಮೊದಲೇ ಕೊಳೆಯುತ್ತವೆ.

ಬೀಜ ಎಷ್ಟು ಕಾಲ ಕಾಯಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಸಾಕ್ಷಿ ಇದೆ. ಇಂದಿನ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1879ರಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರಜ್ಞರು ಇಪ್ಪತ್ತು ಬಾಟಲಿಗಳಲ್ಲಿ ಮರಳಿನೊಂದಿಗೆ ಕಳೆಗಿಡಗಳ ಬೀಜ ತುಂಬಿ ನೆಲದಲ್ಲಿ ಹೂತಿಟ್ಟರು. ಹಲವು ವರ್ಷಗಳಿಗೊಮ್ಮೆ ಒಂದೊಂದನ್ನೇ ತೆಗೆದು ಬಿತ್ತಿ ನೋಡುವ ಆ ಪ್ರಯೋಗ ಇನ್ನೂ ನಡೆಯುತ್ತಿದೆ. ಕೊನೆಯದಾಗಿ ಒಂದು ಬಾಟಲಿಯನ್ನು ಅಗೆದದ್ದು 2021ರ ಏಪ್ರಿಲ್‌ನಲ್ಲಿ, ಅದೂ ಕತ್ತಲಲ್ಲಿ, ಬೆಳಕು ತಾಗಿದರೆ ಬೀಜ ಎಚ್ಚರಗೊಂಡೀತು ಎಂಬ ಎಚ್ಚರಿಕೆಯಿಂದ. 141 ವರ್ಷ ಮಣ್ಣಿನಡಿ ಇದ್ದ ಆ ಬೀಜಗಳಲ್ಲಿ ಕೆಲವು ಮೊಳೆತವು. ಅವರ ಬಾಟಲಿಗಳ ಮುಂದೆ ನನ್ನ ಡಬ್ಬಿಗಳ ಮೂರು ತಿಂಗಳು ಯಾವ ಲೆಕ್ಕ?

ಇನ್ನು ಡಬ್ಬಿಯ ವಿಷಯ. ಅಮೆರಿಕದಲ್ಲಿ ಹಾಲು ಹೆಚ್ಚಾಗಿ ಬರುವುದು ಒಂದು ಗ್ಯಾಲನ್, ಎಂದರೆ ಸುಮಾರು 3.8 ಲೀಟರ್ ಹಿಡಿಯುವ, ಹಿಡಿಕೆಯಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಗಾಜಿನಂತೆ ಪೂರ್ತಿ ಪಾರದರ್ಶಕವಲ್ಲ, ಮಂಜು ಕವಿದಂತೆ ಮಬ್ಬು. ಬೆಳಕು ಸೋಸಿಕೊಂಡು ಒಳಗೆ ಬರುತ್ತದೆ. ಇಂತಹ ಡಬ್ಬಿಗಳಲ್ಲಿ ಚಳಿಗಾಲದಲ್ಲೇ ಹೊರಗೆ ಬಿತ್ತುವ ಪದ್ಧತಿಯನ್ನು ಈ ಶತಮಾನದ ಆರಂಭದಲ್ಲಿ ಮನೆಮನೆಗೆ ತಲುಪಿಸಿದವರು ನ್ಯೂಯಾರ್ಕ್ ರಾಜ್ಯದ ಟ್ರೂಡಿ ಡೇವಿಡಾಫ್. ಇದಕ್ಕೆ ದೀಪ, ಬಿಸಿಮಾಡುವ ಹಾಸು, ಕಪಾಟು ಏನೂ ಬೇಡ. ಚಿಕ್ಕ ಮನೆಯವರಿಗೆ, ಬಾಡಿಗೆ ಮನೆಯವರಿಗೆ ಇದರಿಂದಾದ ಉಪಕಾರ ದೊಡ್ಡದು ಎಂದು ನಾನು ಮನಸಾರೆ ನಂಬುತ್ತೇನೆ.

ಈ ಡಬ್ಬಿಯನ್ನು ಪುಟ್ಟ ಹಸಿರುಮನೆ ಎಂದು ಕರೆಯುವ ರೂಢಿ ಇದೆ. ಆ ಹೆಸರೇ ದಾರಿ ತಪ್ಪಿಸುತ್ತದೆ. ಜನವರಿಯ ರಾತ್ರಿ ಡಬ್ಬಿಯ ಒಳಗೂ ಹೊರಗೂ ಚಳಿ ಒಂದೇ. ತೆಳ್ಳನೆಯ ಆ ಪ್ಲಾಸ್ಟಿಕ್ ಏನನ್ನೂ ಬೆಚ್ಚಗಿಡದು, ಇಡುವುದು ನಮಗೆ ಬೇಕಾಗಿಯೂ ಇಲ್ಲ. ಡಬ್ಬಿ ಚಳಿಯನ್ನು ಒಳಗೆ ಬಿಡುತ್ತದೆ, ಉಳಿದ ಶತ್ರುಗಳನ್ನು ಹೊರಗಿಡುತ್ತದೆ. ನೆಲದಲ್ಲಿ ಚೆಲ್ಲಿದ ಬೀಜವನ್ನು ಹಕ್ಕಿ ಹೆಕ್ಕುತ್ತದೆ, ಇಲಿ ಒಯ್ಯುತ್ತದೆ, ಕರಗಿದ ಹಿಮದ ನೀರು ಕೊಚ್ಚಿಕೊಂಡು ಹೋಗುತ್ತದೆ, ಒಣಗಾಳಿ ತೇವ ಹೀರುತ್ತದೆ. ಡಬ್ಬಿಯಲ್ಲಿ ಇವು ಯಾವುವೂ ನಡೆಯುವುದಿಲ್ಲ. ಹಗಲು ಬಿಸಿಲು ಬಿದ್ದಾಗ ಮಾತ್ರ ಒಳಗಿನ ಮಣ್ಣು ಹೊರಗಿನ ನೆಲಕ್ಕಿಂತ ಬೇಗ ಕರಗುತ್ತದೆ. ಮೊದಲು ಹೇಳಿದ ನಾಲ್ಕೈದು ಡಿಗ್ರಿಯ ಗಂಟೆಗಳು ಅದರಿಂದ ಬೇಗ ಬೇಗ ಜಮೆಯಾಗುತ್ತವೆ.

ಮಾಡುವ ಬಗೆ ಹೀಗೆ. ಡಬ್ಬಿಯನ್ನು ಸೋಪಿನ ನೀರಲ್ಲಿ ತೊಳೆದು ಹಾಲಿನ ವಾಸನೆ ಹೋಗಿಸಿ. ತಳದಿಂದ ಸುಮಾರು ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಸುತ್ತಲೂ ಕತ್ತರಿಸುತ್ತ ಬನ್ನಿ, ಆದರೆ ಹಿಡಿಕೆಯ ಕೆಳಗೆ ಮೂರು ಬೆರಳಗಲ ಹಾಗೆಯೇ ಬಿಡಿ. ಅದೇ ಬಾಗಿಲಿನ ತಿರುಗಣೆ, ಡಬ್ಬಿ ಪೆಟ್ಟಿಗೆಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ತಳದಲ್ಲಿ ಎಂಟು ಹತ್ತು ತೂತು ಮಾಡಿ. ತಳದ ಅಂಚಿಗೆ ತಾಗಿದಂತೆ ಪಕ್ಕದಲ್ಲೂ ನಾಲ್ಕು ಇರಲಿ. ಅಂಗಳದ ನೆಲಕ್ಕೆ ತಳ ಅಂಟಿ ಮಂಜುಗಟ್ಟಿದಾಗ ನೀರು ಹೊರಹೋಗುವುದು ಈ ಪಕ್ಕದ ತೂತುಗಳಿಂದಲೇ. ನಾನು ಕಾಯಿಸಿದ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಚುಚ್ಚುತ್ತೇನೆ, ಹೊಗೆ ಒಳ್ಳೆಯದಲ್ಲವಾದ್ದರಿಂದ ಮನೆಯ ಹೊರಗೆ.

ಹಿತ್ತಲಿನ ಮಣ್ಣು ಡಬ್ಬಿಗೆ ಬೇಡ, ಗಟ್ಟಿಯಾಗಿ ಕೂತುಬಿಡುತ್ತದೆ, ಕಳೆಬೀಜವೂ ಇರುತ್ತದೆ. ಕುಂಡಕ್ಕೆಂದು ಮಾರುವ ಹಗುರ ಮಿಶ್ರಣವನ್ನೇ ಬಳಸಿ, ತೆಂಗಿನ ನಾರಿನ ಪುಡಿ ಬೆರೆತದ್ದಾದರೆ ಇನ್ನೂ ಒಳ್ಳೆಯದು. ಹಿಂಡಿದರೆ ಎರಡು ಹನಿ ತೊಟ್ಟಿಕ್ಕಬೇಕು, ಅಷ್ಟು ಒದ್ದೆ ಮಾಡಿ ಏಳೆಂಟು ಸೆಂಟಿಮೀಟರ್ ತುಂಬಿ. ಸಣ್ಣ ಬೀಜವನ್ನು ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು, ದಪ್ಪ ಬೀಜಕ್ಕೆ ಅದರ ಎರಡರಷ್ಟು ಮಣ್ಣು ಹೊದಿಸಿ. ಮುಚ್ಚಿ, ಕತ್ತರಿಸಿದ ಗೆರೆಯ ಸುತ್ತ ಅಗಲದ ಟೇಪ್ ಸುತ್ತಿ. ಮೇಲಿನ ಬಿರಡೆಯನ್ನು ಮಾತ್ರ ತೆಗೆದುಬಿಡಿ. ಆ ತೆರೆದ ಬಾಯಿಯಿಂದಲೇ ಹಿಮವೂ ಮಳೆಯೂ ಒಳಗಿಳಿಯುತ್ತವೆ, ಬಿಸಿಯೂ ಹೊರಹೋಗುತ್ತದೆ. ಮೊದಲ ವರ್ಷ ಹಿಮ ಒಳಗೆ ತುಂಬೀತೆಂದು ಹೆದರಿ ನಾನು ಬಿರಡೆ ತೆಗೆದಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಬಿಸಿಲು ಚುರುಕಾಯಿತು. ಕೆಲಸದಿಂದ ಮರಳಿ ಟೇಪ್ ಬಿಚ್ಚಿದಾಗ ಮುಖಕ್ಕೆ ಹಬೆ ಹೊಡೆಯಿತು, ಎಲೆಕೋಸಿನ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿ ಮಲಗಿದ್ದವು. ಮೂರು ತಿಂಗಳ ಹಿಮ ಮಾಡದ ಹಾನಿಯನ್ನು ಒಂದು ಮಧ್ಯಾಹ್ನದ ಬಿಸಿಲು ಮಾಡಿತ್ತು. ಈ ಪದ್ಧತಿಯಲ್ಲಿ ಹೆದರಬೇಕಾದದ್ದು ಚಳಿಗಲ್ಲ, ಬಿಸಿಗೆ.

ಹೆಸರು ಬರೆದಿಡುವುದೂ ಅಷ್ಟೇ ಮುಖ್ಯ. ಸಾಮಾನ್ಯ ಮಾರ್ಕರ್‌ನ ಶಾಯಿ ಬಿಸಿಲಿಗೆ ಮಾಸುತ್ತದೆ. ಹಳೆಯ ಮೊಸರಿನ ಡಬ್ಬಿಯಿಂದ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸೀಸದ ಪೆನ್ಸಿಲಿನಿಂದ ಬರೆದು ಮಣ್ಣಿಗೆ ಚುಚ್ಚಿದರೆ ಮೇ ತಿಂಗಳಲ್ಲೂ ಅಚ್ಚುಕಟ್ಟಾಗಿ ಓದಬಹುದು. ಡಬ್ಬಿಗಳನ್ನು ಸೂರಿನಡಿ ಇಡಬೇಡಿ, ಹಿಮವೂ ಮಳೆಯೂ ಸೋಕಬೇಕು. ಹಿಡಿಕೆಗಳಲ್ಲಿ ಒಂದು ಹಗ್ಗ ಪೋಣಿಸಿ ಬೇಲಿಗೆ ಕಟ್ಟಿದರೆ ಗಾಳಿಗೆ ಉರುಳುವುದಿಲ್ಲ.

ಯಾವ ಬೀಜ ಯಾವಾಗ ಎಂಬುದಕ್ಕೆ ಬೀಜದ ಹುಟ್ಟೂರೇ ಉತ್ತರ. ಚಳಿ ಬೇಕೇಬೇಕು ಎನ್ನುವ ಇಲ್ಲಿನ ಕಾಡುಹೂಗಳನ್ನು ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ಒಳಗೆ ಬಿತ್ತಬೇಕು. ಚಳಿ ಬೇಡವಾದರೂ ತಾಳಿಕೊಳ್ಳುವ ಎಲೆಕೋಸು, ಪಾಲಕ್, ಲೆಟ್ಯೂಸ್‌ಗಳಿಗೆ ಮಾರ್ಚ್ ಸಾಕು. ನನ್ನ ಮಾರ್ಚ್‌ನ ಡಬ್ಬಿಗಳಲ್ಲಿ ನಾಲ್ಕು ಯಾವಾಗಲೂ ಸಬ್ಬಸಿಗೆ ಮತ್ತು ಕೊತ್ತಂಬರಿಗೆ ಮೀಸಲು. ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ ಮೇ ತಿಂಗಳಲ್ಲೇ ತಿನ್ನಬೇಕೆಂದರೆ ಬೇರೆ ದಾರಿಯಿಲ್ಲ. ಎರಡೂ ತಂಪನ್ನೇ ಇಷ್ಟಪಡುವ ಗಿಡಗಳು, ಬೇಸಿಗೆ ಬಲಿತರೆ ಹೂಬಿಟ್ಟು ಮುಗಿಸುತ್ತವೆ. ಟೊಮೆಟೊವನ್ನು ಏಪ್ರಿಲ್‌ಗೆ ಮುನ್ನ ಹೊರಗೆ ಬಿತ್ತುವುದಿಲ್ಲ. ಬದನೆ, ಮೆಣಸಿನಕಾಯಿಗಳನ್ನು ಮನೆಯೊಳಗೆ ಬೆಚ್ಚಗೇ ಬೆಳೆಸುತ್ತೇನೆ.

ಡಬ್ಬಿಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಮಿಲ್ಕ್‌ವೀಡ್. ಹೆಸರು ಹೊಸದು, ಗಿಡದ ನಂಟು ಹಳೆಯದು. ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ, ಕಾಯಿ ಒಡೆದರೆ ರೇಷ್ಮೆಯಂತಹ ಬಿಳಿ ಎಳೆ ಹೊತ್ತ ಚಪ್ಪಟೆ ಬೀಜಗಳು ಗಾಳಿಗೇರುತ್ತವೆ. ನೋಡಿದೊಡನೆ ಎಕ್ಕ ನೆನಪಾಗುತ್ತದೆ, ಮತ್ತು ಆ ನೆನಪು ತಪ್ಪಲ್ಲ. ಎಕ್ಕ ಮತ್ತು ಮಿಲ್ಕ್‌ವೀಡ್ ಒಂದೇ ಕುಟುಂಬದ ಗಿಡಗಳು. ಎಕ್ಕದ ಎಲೆ ಮೇಯುವ ಕಂದು ಕಿತ್ತಳೆ ಚಿಟ್ಟೆಯ ಮರಿಹುಳುವನ್ನು ನಮ್ಮೂರಿನ ಬೇಲಿಯಲ್ಲಿ ಯಾರೂ ನೋಡಬಹುದು. ಅದೇ ಕುಲದ ಮೊನಾರ್ಕ್ ಚಿಟ್ಟೆ ಇಲ್ಲಿ ಮಿಲ್ಕ್‌ವೀಡ್ ಬಿಟ್ಟು ಬೇರೆ ಗಿಡದ ಮೇಲೆ ಮೊಟ್ಟೆ ಇಟ್ಟರೆ ಮರಿ ಬದುಕುವುದಿಲ್ಲ. ಬೇಸಿಗೆಯ ಕೊನೆಗೆ ಹುಟ್ಟಿದ ಮೊನಾರ್ಕ್‌ಗಳು ಇಲ್ಲಿಂದ ಮೆಕ್ಸಿಕೊದ ಬೆಟ್ಟಗಳವರೆಗೆ ಹಾರಿಹೋಗಿ ಚಳಿಗಾಲ ಕಳೆಯುತ್ತವೆ. ರಸ್ತೆ, ಹೊಲ, ಹುಲ್ಲುಹಾಸುಗಳ ನಡುವೆ ಮಿಲ್ಕ್‌ವೀಡ್ ಕರಗುತ್ತ ಬಂದಿರುವಾಗ ಹಿತ್ತಲಿನ ಹತ್ತು ಗಿಡವೂ ಅವುಗಳಿಗೆ ಆಸರೆ.

ನೆಂಟರಾದರೂ ಸ್ವಭಾವ ಬೇರೆ ಬೇರೆ. ಎಕ್ಕದ ಬೀಜಕ್ಕೆ ಮಳೆ ಬಿದ್ದರೆ ಸಾಕು. ಮಿಲ್ಕ್‌ವೀಡ್‌ನ ಬೀಜಕ್ಕೆ ಸುಮಾರು ಒಂದು ತಿಂಗಳ ತಣ್ಣನೆಯ ತೇವ ಬೇಕು, ಇಲ್ಲವಾದರೆ ಹೆಚ್ಚಿನವು ಮೊಳೆಯುವುದಿಲ್ಲ. ನಾನು ಅದನ್ನು ಬಿತ್ತುವುದು ರಥಸಪ್ತಮಿಯ ಆಸುಪಾಸಿನಲ್ಲಿ. ಆಯಿ ಅಲ್ಲಿ ಎಕ್ಕದ ಎಲೆ ತಲೆ, ಭುಜದ ಮೇಲಿಟ್ಟುಕೊಂಡು ಸ್ನಾನ ಮಾಡುವ ಬೆಳಿಗ್ಗೆ ನಾನು ಇಲ್ಲಿ ಕೈಗವಸು ಹಾಕಿಕೊಂಡು ಎಕ್ಕದ ದಾಯಾದಿಯನ್ನು ಹಿಮಕ್ಕೆ ಒಪ್ಪಿಸುತ್ತಿರುತ್ತೇನೆ.

ಮಾರ್ಚ್‌ವರೆಗೆ ಡಬ್ಬಿಗಳ ಕಡೆ ನೋಡುವ ಕೆಲಸವೇ ಇಲ್ಲ. ಆಮೇಲೆ ವಾರಕ್ಕೊಮ್ಮೆ ಎತ್ತಿ ತೂಕ ನೋಡುತ್ತೇನೆ. ಒಳಗೋಡೆಯಲ್ಲಿ ಬೆವರಿನಂತೆ ಹನಿಗಳಿದ್ದರೆ ತೇವ ಇದೆಯೆಂದು ಅರ್ಥ. ಗೋಡೆ ಒಣಗಿ, ಡಬ್ಬಿ ಹಗುರಾಗಿದ್ದರೆ ನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಕೂರಿಸಿದರೆ ತಳದ ತೂತುಗಳಿಂದಲೇ ಹೀರಿಕೊಳ್ಳುತ್ತದೆ. ಕಳೆದ ವರ್ಷ ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಹೀಗೆ ಎತ್ತಿದಾಗ ಪಕ್ಕದಲ್ಲಿ ಇನ್ನೂ ಒಂದು ಗೇಣು ಹಿಮವಿತ್ತು. ಡಬ್ಬಿಯ ಬಾಯಿಗೆ ಕಣ್ಣಿಟ್ಟೆ. ಮಣ್ಣಿನ ಮೇಲೊಂದು ಬೆಳ್ಳನೆಯ ಕುತ್ತಿಗೆ ಬಿಲ್ಲಿನಂತೆ ಬಾಗಿ ನಿಂತಿತ್ತು, ತಲೆ ಇನ್ನೂ ಮಣ್ಣಿನಲ್ಲಿ. ಪಕ್ಕದ್ದು ಆಗಲೇ ನೆಟ್ಟಗಾಗಿ ಬೀಜದ ಸಿಪ್ಪೆಯನ್ನು ಟೊಪ್ಪಿಗೆಯಂತೆ ಹೊತ್ತಿತ್ತು. ಮೂರನೆಯದು ಟೊಪ್ಪಿಗೆ ಕಳಚಿ ಎರಡು ಬೀಜದಳ ಬಿಚ್ಚಿ, ಅವುಗಳ ಸಂದಿಯಲ್ಲಿ ಒಂದು ಹನಿ ನೀರು ಹಿಡಿದಿತ್ತು. ಕ್ಯಾಲೆಂಡರ್ ನೋಡಿ ನಾನು ಊಹಿಸಿದ್ದಕ್ಕಿಂತ ಹತ್ತು ದಿನ ಮೊದಲೇ ಎದ್ದಿದ್ದವು.

ಹೀಗೆ ಎದ್ದ ಸಸಿ ಮನೆಯೊಳಗೆ ದೀಪದಡಿ ಬೆಳೆದ ಸಸಿಯಂತಲ್ಲ. ಒಳಗಿನದು ಬೆಳಕು ಸಾಲದೆ ಉದ್ದುದ್ದ ಬೆಳೆದು ಸೊರಗುತ್ತದೆ. ಹೊರಗೆ ನೆಡುವ ಮುನ್ನ ವಾರಗಟ್ಟಲೆ ದಿನಕ್ಕಿಷ್ಟು ಹೊತ್ತು ಎಂದು ಬಿಸಿಲು ಗಾಳಿ ಅಭ್ಯಾಸ ಮಾಡಿಸಬೇಕು. ಗಾಳಿಯಾಡದ ಬೆಚ್ಚನೆಯ ಒದ್ದೆಯಲ್ಲಿ ಬುಡ ಕೊಳೆತು ರಾತ್ರೋರಾತ್ರಿ ಬೀಳುವುದೂ ಉಂಟು. ಅದಕ್ಕೆ ಮುಖ್ಯ ಕಾರಣವಾದ ಪೈಥಿಯಂ, ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾದ ಹತ್ತಿರದ ಸಂಬಂಧಿ ಎಂದಾಗ ಆಯಿಗೆ ವಿಷಯ ತಟ್ಟನೆ ಹೊಳೆಯಿತು. ಡಬ್ಬಿಯ ಸಸಿ ತಂಪಿನಲ್ಲಿ, ಗಾಳಿಯಲ್ಲಿ ಬೆಳೆದದ್ದು. ಕಾಂಡ ಗಿಡ್ಡ, ದಪ್ಪ. ಈ ರೋಗದ ಕಾಟ ಇಲ್ಲಿ ನಾನು ಕಂಡದ್ದು ತೀರಾ ಕಡಿಮೆ.

ಮೊಳೆತ ಮೇಲೆ ಬಿಸಿಲಿನ ದಿನ ಬೆಳಿಗ್ಗೆ ಟೇಪ್ ಬಿಚ್ಚಿ ಮೇಲ್ಭಾಗ ತೆರೆದಿಟ್ಟು, ರಾತ್ರಿ ಹಿಮ ಬೀಳುವ ಸೂಚನೆಯಿದ್ದರೆ ಮುಚ್ಚಬೇಕು. ಎರಡು ಜೋಡಿ ನಿಜ ಎಲೆ ಬಂದಾಗ ನೆಲಕ್ಕೆ ನಾಟಿ. ಒಂದೊಂದೇ ಸಸಿಯನ್ನು ಬಿಡಿಸುವ ತಾಳ್ಮೆ ಎಲ್ಲ ಗಿಡಕ್ಕೂ ಬೇಕಿಲ್ಲ. ಮಣ್ಣಿನ ಹೆಂಟೆಯನ್ನು ಬರ್ಫಿಯಂತೆ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕವನ್ನು ಇಡಿಯಾಗಿ ನೆಡಬಹುದು. ತಾಯಿಬೇರು ಅಲುಗಿದರೆ ಮುನಿಸಿಕೊಳ್ಳುವ ಕೊತ್ತಂಬರಿ, ಸಬ್ಬಸಿಗೆ, ಮಿಲ್ಕ್‌ವೀಡ್‌ಗಳಿಗೆ ಇದೇ ಸರಿ. ಡಬ್ಬಿಗಳು ಒಂದೆರಡು ಋತು ಬಾಳುತ್ತವೆ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಚೂರಾಗುವ ಮೊದಲೇ ಮರುಬಳಕೆಗೆ ಕೊಟ್ಟುಬಿಡಬೇಕು. ಚೂರು ಮಣ್ಣಿಗೆ ಸೇರಿದರೆ ಮಾಡಿದ ಉಪಕಾರವೆಲ್ಲ ವ್ಯರ್ಥ.

ಕರ್ನಾಟಕದಲ್ಲಿ ಈ ಡಬ್ಬಿಯ ಅಗತ್ಯವಿಲ್ಲ. ಆದರೆ ಬೆಂಗಳೂರಿನ ಗೆಳತಿಯರು ತರಿಸಿಕೊಂಡ ಲ್ಯಾವೆಂಡರ್‌ನಂತಹ ತಂಪುನಾಡಿನ ಬೀಜ ಮೊಳೆಯುವುದಿಲ್ಲವೆಂದು ಬೇಸರಪಟ್ಟಾಗ ಇದೇ ತತ್ವ ಕೆಲಸಕ್ಕೆ ಬರುತ್ತದೆ. ಒದ್ದೆ ಬಟ್ಟೆಯಲ್ಲೋ ಕಾಗದದಲ್ಲೋ ಬೀಜ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಮೂರು ನಾಲ್ಕು ವಾರ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಆಮೇಲೆ ಬಿತ್ತಲಿ. ಫ್ರೀಜರ್‌ನಲ್ಲಿ ಬೇಡ. ಬೀಗ ಹಾಕಿಕೊಂಡ ಬೀಜ ನಮ್ಮಲ್ಲೂ ಇದೆ, ಕೀಲಿಕೈ ಬೇರೆ ಅಷ್ಟೇ. ತೇಗದ ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ ಹಗಲು ಬಿಸಿಲಿಗೆ ಹರಡುವುದನ್ನು ದಿನಗಟ್ಟಲೆ ಮಾಡಿದ ಮೇಲಷ್ಟೇ ಸಸಿಮಡಿಗೆ ಹಾಕುತ್ತಾರೆ. ಆಯಿಗೆ ನಾನು ಕೊನೆಗೆ ಹೇಳಿದ್ದೂ ಇದೇ ಹೋಲಿಕೆ. ಅಲ್ಲಿ ನೀರು ಮತ್ತು ಬಿಸಿಲು ಸರದಿಯಲ್ಲಿ ಮಾಡುವುದನ್ನು ಇಲ್ಲಿ ಹಿಮ ಮತ್ತು ಕರಗುವಿಕೆ ಮಾಡುತ್ತವೆ. "ಹಾಗಾದರೆ ಸರಿ, ಸಾಯುವುದಿಲ್ಲ" ಎಂದರು.

ಸಾಲಿನ ತುದಿಯಲ್ಲಿ ಒಂದು ಡಬ್ಬಿ ಇದೆ. ಅದರಲ್ಲಿರುವುದು ಟ್ರಿಲಿಯಂ, ಮೂರೆಸಳಿನ ಬಿಳಿ ಕಾಡುಹೂ, ನಮ್ಮ ಮೇಪಲ್ ಮರದಡಿಯ ಗಿಡದಿಂದ ಕಳೆದ ಆಗಸ್ಟ್‌ನಲ್ಲಿ ಬಿಡಿಸಿ ಹಸಿಯಾಗಿಯೇ ಬಿತ್ತಿದ ಬೀಜ. ಅದಕ್ಕೆ ಒಂದು ಚಳಿಗಾಲ ಸಾಲದು. ಮೊದಲನೆಯದು ಕಳೆದ ಮೇಲೆ ಮಣ್ಣಿನೊಳಗೆ ಬೇರು ಮಾತ್ರ ಬಿಡುತ್ತದೆ, ಎರಡನೆಯದೂ ಕಳೆದ ಮೇಲೆ ಎಲೆ ಮೇಲೆ ಬರುತ್ತದೆ. ಈ ವಸಂತದಲ್ಲಿ ಉಳಿದ ಡಬ್ಬಿಗಳೆಲ್ಲ ಬರಿದಾದಾಗಲೂ ಅದು ಮೇಪಲ್‌ನ ನೆರಳಿನಲ್ಲಿ ಹಾಗೆಯೇ ಇರುತ್ತದೆ. ಅದರ ಪಟ್ಟಿಯ ಮೇಲೆ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಬರೆದಿದ್ದೇನೆ: ಖಾಲಿಯಲ್ಲ, ನೀರು ಹಾಕಿ.